‘ಇದರಲ್ಲಿ ಚೆಂದದ್ದು ಯಾವುದು?’

ಒಂದನೇ ತರಗತಿಯ ಮಗುವಿನ ಕಾಪಿ ಪುಸ್ತಕವನ್ನು ತೆಗೆದು ಒಂದು ಪುಟ ನೋಡಿ. ಪುಟದ ನೆತ್ತಿಯಲ್ಲಿ ಅಚ್ಚಿನ ‘ಅ’ ಇರುತ್ತದೆ. ಅದರ ಕೆಳಗೆ ಮಗು ಬರೆದ ಮೊದಲ ಸಾಲು ಪರವಾಗಿಲ್ಲ. ಎರಡನೆಯ ಸಾಲಿನಲ್ಲಿ ಅಕ್ಷರದ ಹೊಟ್ಟೆ ಕೊಂಚ ಉಬ್ಬಿದೆ. ಐದನೆಯ ಸಾಲಿಗೆ ಬರುವಷ್ಟರಲ್ಲಿ ಅದು ಬಲಕ್ಕೆ ವಾಲಿದೆ. ಕೊನೆಯ ಸಾಲಿನಲ್ಲಿ ಇರುವುದು ‘ಅ’ ಎಂದು ತಿಳಿಯಬೇಕಾದರೆ ಮತ್ತೆ ಪುಟದ ನೆತ್ತಿಗೇ ಹೋಗಬೇಕು.

ಕೈ ನೋವು ಬಂದಿರಬೇಕು, ಇಲ್ಲವೇ ಗಮನ ಆಟದ ಕಡೆ ಹೋಗಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಅದೂ ನಿಜವೇ. ಆದರೆ ಇನ್ನೊಂದು ಕಾರಣ ಅದೇ ಪುಟದಲ್ಲಿ ಕಣ್ಣಿಗೆ ಬೀಳುವಂತಿದೆ. ಎರಡನೆಯ ಸಾಲು ಬರೆಯುವಾಗ ಮಗು ನೋಡುವುದು ಅಚ್ಚಿನ ‘ಅ’ವನ್ನಲ್ಲ, ಮೇಲಿನ ಸಾಲಿನಲ್ಲಿ ತಾನೇ ಬರೆದದ್ದನ್ನು. ಮೂರನೆಯ ಸಾಲಿಗೆ ಎರಡನೆಯದು ಮಾದರಿ, ನಾಲ್ಕನೆಯದಕ್ಕೆ ಮೂರನೆಯದು. ಮೊದಲಲ್ಲಿ ಆದ ಒಂದು ಸಣ್ಣ ಸೊಟ್ಟು ಸಾಲಿನಿಂದ ಸಾಲಿಗೆ ಬೆಳೆಯುತ್ತ ಹೋಗುತ್ತದೆ. ಪುಟ ತುಂಬುವ ಹೊತ್ತಿಗೆ ಮಗು ಹೆಚ್ಚು ಅಭ್ಯಾಸ ಮಾಡಿರುವುದು ಸೊಟ್ಟ ‘ಅ’ವನ್ನೇ.

‘ನಾಲ್ಕು ಪುಟ ಬರೆಸಿ, ಅಕ್ಷರ ತಾನಾಗಿ ದುಂಡಗಾಗುತ್ತದೆ’ ಎಂಬುದು ನಮ್ಮಲ್ಲಿ ತಲೆಮಾರುಗಳಿಂದ ನಡೆದು ಬಂದ ಮಾತು. ಕಳೆದ ಮೂರು ನಾಲ್ಕು ದಶಕಗಳ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಬರವಣಿಗೆ ಬೆರಳಿನ ಕಸರತ್ತು ಮಾತ್ರವಲ್ಲ. ಅಕ್ಷರದ ರೂಪ ಮೊದಲು ನೆನಪಿನಲ್ಲಿ ಕೂರಬೇಕು, ಕೈ ಅದನ್ನು ಕಾಗದಕ್ಕೆ ಇಳಿಸಬೇಕು, ಇಳಿದದ್ದು ಸರಿಯಾಗಿದೆಯೇ ಎಂದು ಕಣ್ಣು ತೂಗಿ ನೋಡಬೇಕು. ಕಾಪಿ ಪುಸ್ತಕ ದುಡಿಸುವುದು ಕೈಯನ್ನು ಮಾತ್ರ. ಈ ಅಧ್ಯಾಯ ಹೆಚ್ಚಾಗಿ ಉಳಿದ ಎರಡರ ಬಗ್ಗೆ.

ಕೈಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಆಗ ತಾನೇ ಹುಟ್ಟಿದ ಕೂಸಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಅವು ಕಾಣುವುದೇ ಇಲ್ಲ, ಅಲ್ಲಿರುವುದು ಬರೀ ಮೃದ್ವಸ್ಥಿ. ಅವು ಒಂದೊಂದಾಗಿ ಗಟ್ಟಿಯಾಗುತ್ತ ಬಂದು ಕೊನೆಯದು ಮೂಳೆಯಾಗುವ ಹೊತ್ತಿಗೆ ಮಗು ನಾಲ್ಕನೇ ತರಗತಿಯ ಆಸುಪಾಸಿನಲ್ಲಿರುತ್ತದೆ. ಗೆರೆ ಎಳೆಯುವ ಕೌಶಲಕ್ಕೂ ಒಂದು ಕ್ರಮವಿದೆ. ಸಾಮಾನ್ಯವಾಗಿ ಮೂರು ವರ್ಷದ ಮಗು ವೃತ್ತವನ್ನು ನೋಡಿ ಬರೆಯಬಲ್ಲದು, ನಾಲ್ಕಕ್ಕೆ ಕೂಡು ಗುರುತು ಬರುತ್ತದೆ, ಚೌಕ ಐದರ ಹತ್ತಿರ, ತ್ರಿಕೋನ ಅದರ ಆಚೆಗೆ. ಹೀಗಿರುವಾಗ ಮೂರೂವರೆ ವರ್ಷದ ಮಗುವಿಗೆ ಎಲ್‌ಕೆಜಿಯಲ್ಲಿ ಪುಟಗಟ್ಟಲೆ ಹೋಂವರ್ಕ್ ಕೊಡುವುದನ್ನು ಯಾವ ವಿಜ್ಞಾನವೂ ಸಮರ್ಥಿಸದು. ಆ ವಯಸ್ಸಿಗೆ ಮಣ್ಣು ಕಲಸುವುದು, ಮಣಿ ಪೋಣಿಸುವುದು, ಅವರೆಕಾಯಿ ಸುಲಿಯುವುದೇ ಬರವಣಿಗೆಯ ಪಾಠ.

ಇನ್ನು ನೆನಪಿನ ಮಾತು.

ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇನ್ನೂ ಓದಲು ಬಾರದ, ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಮೂರು ರೀತಿಯಲ್ಲಿ ಕಲಿಸಿದರು. ಕೆಲವನ್ನು ಖಾಲಿ ಹಾಳೆಯಲ್ಲಿ ಕೈಯಿಂದ ಬರೆಸಿದರು, ಕೆಲವನ್ನು ಚುಕ್ಕಿಗೆರೆಯ ಮೇಲೆ ತಿದ್ದಿಸಿದರು, ಉಳಿದವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಅದೇ ಅಕ್ಷರಗಳನ್ನು ತೋರಿಸಿ, ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂದು ನೋಡಿದರು. ದೊಡ್ಡವರು ಓದುವಾಗ ಕೆಲಸ ಮಾಡುವ ಮಿದುಳಿನ ಜಾಲ ಈ ಮಕ್ಕಳಲ್ಲಿ ಎಚ್ಚರಗೊಂಡದ್ದು ಕೈಯಿಂದ ಬರೆದು ಕಲಿತ ಅಕ್ಷರಗಳನ್ನು ಕಂಡಾಗ. ಕೀಲಿಮಣೆಯ ಅಕ್ಷರಗಳಿಗೆ ಆ ಪ್ರತಿಕ್ರಿಯೆ ಬರಲಿಲ್ಲ. ಅದು ನಿರೀಕ್ಷಿತವೇ. ಅಚ್ಚರಿಯೆಂದರೆ ತಿದ್ದಿದ ಅಕ್ಷರಗಳಿಗೂ ಬರಲಿಲ್ಲ. ಪ್ರಯೋಗ ಚಿಕ್ಕದು, ಮಕ್ಕಳು ಹದಿನೈದೇ ಮಂದಿ, ಇದೊಂದನ್ನೇ ನಂಬಿ ಶಾಲೆಯ ವೇಳಾಪಟ್ಟಿ ಬದಲಿಸಬೇಕಿಲ್ಲ. ಆದರೆ ಬೇರೆ ಬೇರೆ ಕಡೆಯ ಫಲಿತಾಂಶಗಳು ಇದರ ಜೊತೆಗೆ ಹೊಂದುತ್ತವೆ. ಫ್ರಾನ್ಸಿನಲ್ಲಿ ಮರಿಕ್ ಲಾಂಗ್‌ಕಾಂಪ್ ಮತ್ತು ಸಂಗಡಿಗರು 2005ರಲ್ಲಿ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಕೈಬರಹವನ್ನೂ ಕೀಲಿಮಣೆಯನ್ನೂ ಹೋಲಿಸಿ ನೋಡಿದ್ದರು. ಆ ಗುಂಪಿನಲ್ಲಿ ದೊಡ್ಡ ಮಕ್ಕಳು ಕೈಯಲ್ಲಿ ಬರೆದ ಅಕ್ಷರಗಳನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು.

ಕೈಬರಹಕ್ಕೆ ಈ ಬಲ ಎಲ್ಲಿಂದ ಬಂತು? ಜೇಮ್ಸ್ ಅವರ ತಂಡವೇ 2016ರಲ್ಲಿ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಮಗು ಬರೆದ ಹತ್ತು ‘ಅ’ಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದು ಡೊಳ್ಳು ಹೊಟ್ಟೆಯದು, ಒಂದು ಕುಳ್ಳು, ಒಂದು ಬಾಗಿದ್ದು. ಇವೆಲ್ಲವೂ ‘ಅ’ ಎಂದು ತಿಳಿಯುವಾಗ, ‘ಅ’ ಅನ್ನಿಸಿಕೊಳ್ಳಲು ಏನು ಬೇಕು, ಏನು ಇರದಿದ್ದರೂ ನಡೆಯುತ್ತದೆ ಎಂಬುದನ್ನು ಮಿದುಳು ಹೆಕ್ಕಿಕೊಳ್ಳುತ್ತದೆ. ಅವರ ಪ್ರಯೋಗದಲ್ಲಿ ಬೇರೆ ಬೇರೆ ರೂಪದ ಅಕ್ಷರಗಳನ್ನು ಕಂಡ ಮಕ್ಕಳು, ಒಂದೇ ಅಚ್ಚಿನ ಅಕ್ಷರವನ್ನು ಮತ್ತೆ ಮತ್ತೆ ಕಂಡವರಿಗಿಂತ ಚೆನ್ನಾಗಿ ಕಲಿತರು. ಅಂದರೆ ನಾವು ರಬ್ಬರ್ ಹಿಡಿದು ಅಳಿಸಿಹಾಕುವ ಕಾಗೆಕಾಲು ಗುಬ್ಬಿಕಾಲು ಅಕ್ಷರಗಳೂ ಪಾಠ ಹೇಳುತ್ತಿರುತ್ತವೆ. ಅವುಗಳನ್ನು ಅಳಿಸದೆ ಸಾಲಾಗಿ ಉಳಿಸಿಕೊಂಡರೆ ಏನು ಲಾಭ ಎಂಬುದಕ್ಕೆ ಆಮೇಲೆ ಬರೋಣ.

ತಿದ್ದುವುದರಿಂದ ಯಾಕೆ ಅಷ್ಟು ಪ್ರಯೋಜನವಾಗುವುದಿಲ್ಲ? ನಮ್ಮಲ್ಲಿ ಅಕ್ಷರಾಭ್ಯಾಸವೆಂದರೆ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುವುದು. ಮೇಷ್ಟ್ರು ಸ್ಲೇಟಿನಲ್ಲಿ ಬರೆದುಕೊಟ್ಟ ಅಕ್ಷರದ ಮೇಲೆ ಬಳಪ ಆಡಿಸಿ ಆಡಿಸಿ ಅದು ಹೆಬ್ಬೆರಳಿನ ದಪ್ಪವಾಗುವವರೆಗೆ ತಿದ್ದಿದವರು ನಮ್ಮಲ್ಲಿ ಲಕ್ಷಾಂತರ ಮಂದಿ. ಗೆರೆ ಎಲ್ಲಿ ಶುರು, ಯಾವ ಕಡೆ ತಿರುವು ಎಂಬುದನ್ನು ಕೈಗೆ ತಿಳಿಸಲು ಎರಡು ಮೂರು ಸಲ ತಿದ್ದಿಸುವುದು ಒಳ್ಳೆಯದೇ. ಅದಕ್ಕಿಂತ ಹೆಚ್ಚಾದರೆ ಕೆಲಸ ಕೆಡುತ್ತದೆ. ಬೇರೆಯವರ ಗಾಡಿಯ ಹಿಂದೆ ಕೂತು ಹತ್ತು ಸಲ ಹೋದ ದಾರಿ, ನಾವೇ ಗಾಡಿ ಓಡಿಸಬೇಕಾದ ದಿನ ನೆನಪಿಗೆ ಬರುವುದಿಲ್ಲ. ತಿದ್ದುವ ಮಗುವಿನದೂ ಅದೇ ಕಥೆ. ಮುಂದಿನ ತಿರುವು ಯಾವುದು ಎಂದು ಅದು ಯೋಚಿಸಬೇಕಾಗಿಯೇ ಇಲ್ಲ, ಗೆರೆ ಎದುರಿಗೇ ಇದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ವರ್ಜೀನಿಯಾ ಬರ್ನಿಂಜರ್ 1997ರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡರು. ಬರವಣಿಗೆಯಲ್ಲಿ ಹಿಂದುಳಿದ 144 ಮಂದಿ ಒಂದನೇ ತರಗತಿಯ ಮಕ್ಕಳನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪು ಶಿಕ್ಷಕರ ಕೈಚಲನೆಯನ್ನು ಅನುಕರಿಸಿತು, ಒಂದು ಗುಂಪು ಸುಮ್ಮನೆ ನಕಲು ಮಾಡಿತು, ಇನ್ನೊಂದಕ್ಕೆ ಬಾಣದ ಗುರುತು ಹಾಕಿ 1, 2, 3 ಎಂದು ಗೆರೆಗಳ ಕ್ರಮ ತೋರಿಸಿದ ಅಕ್ಷರಗಳನ್ನು ಕೊಟ್ಟರು, ಮತ್ತೊಂದು ಗುಂಪು ಅಕ್ಷರವನ್ನು ನೋಡಿ, ಮುಚ್ಚಿ, ನೆನಪಿನಿಂದ ಬರೆಯಿತು. ಬಾಣದ ಗುರುತು ಮತ್ತು ನೆನಪಿನಿಂದ ಬರೆಯುವುದು ಎರಡೂ ಸೇರಿದ ಗುಂಪೂ ಒಂದಿತ್ತು. ಎಲ್ಲರಿಗಿಂತ ಮುಂದೆ ಹೋದದ್ದು ಆ ಕೊನೆಯ ಗುಂಪು. ಬಾಣಗಳಿರುವ ಅಕ್ಷರವನ್ನು ಚೆನ್ನಾಗಿ ನೋಡು, ಹಾಳೆ ಮುಚ್ಚು, ಕೆಲವು ಕ್ಷಣ ತಡೆ, ಈಗ ಬರೆ. ವಿಧಾನ ಇಷ್ಟೇ. ಖರ್ಚು ಒಂದು ಪೈಸೆಯೂ ಇಲ್ಲ.

ಆದರೆ ಹೀಗೆ ಕಲಿಯಬೇಕಾದ ರೂಪಗಳ ಸಂಖ್ಯೆ ಎಲ್ಲ ಲಿಪಿಗಳಲ್ಲೂ ಒಂದೇ ಅಲ್ಲ. ಇಂಗ್ಲಿಷಿನ ಮಗು ದೊಡ್ಡ-ಚಿಕ್ಕ ರೂಪಗಳೆರಡೂ ಸೇರಿ 52 ಆಕಾರ ಕಲಿತರೆ ಮುಗಿಯಿತು. ಕನ್ನಡದ ಮಗುವಿನ ಮುಂದಿರುವ ರಾಶಿ ಬೇರೆಯೇ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ 13 ಸ್ವರಗಳ ಗುರುತು ಸೇರಿಸಿದರೆ ಕಾಗುಣಿತದ ರೂಪಗಳೇ 442. ಅದರ ಮೇಲೆ ಒತ್ತಕ್ಷರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲಕಟ್ಟು ತೆಗೆದ ಕಿರುರೂಪಗಳು, ಆದರೆ ತ, ನ, ಮ, ಯ, ರ, ಲ ಒತ್ತುಗಳಿಗೂ ಅವುಗಳ ಮೂಲ ಅಕ್ಷರಗಳಿಗೂ ನಂಟೇ ಕಾಣದು. ಇನ್ನು ಅರ್ಕಾವತ್ತು ದೊಡ್ಡವರನ್ನೂ ಕಾಡುತ್ತದೆ. ಕನ್ನಡದ ಮಕ್ಕಳ ಓದಿನ ಬಗ್ಗೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರ ಬರಹದಲ್ಲಿ ತೋರಿಸಿದ್ದು ಇದನ್ನೇ. ಇಂಗ್ಲಿಷಿನಲ್ಲಿ ಅಕ್ಷರ ಕಲಿಕೆ ಮೊದಲ ವರ್ಷಗಳಲ್ಲೇ ಮುಗಿದರೆ, ಕನ್ನಡದಲ್ಲಿ ಅದು ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಇದು ಮಕ್ಕಳ ದಡ್ಡತನವಲ್ಲ, ಲಿಪಿಯ ಹರಹು. ‘ಎರಡನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬರಲ್ಲ’ ಎಂದು ಮಗುವನ್ನು ಬೈಯುವ ಮುನ್ನ ಈ ಲೆಕ್ಕ ನೆನಪಿರಲಿ.

ಒಂದು ಸಮಾಧಾನವೂ ಇದೆ. ಇಂಗ್ಲಿಷ್ ಕಲಿಯುವ ಮಕ್ಕಳು ಬಿ ಮತ್ತು ಡಿ ಅಕ್ಷರಗಳ ಚಿಕ್ಕ ರೂಪಗಳನ್ನು ಅದಲುಬದಲು ಮಾಡುತ್ತಾರೆ. ಒಂದು ಇನ್ನೊಂದರ ಕನ್ನಡಿಬಿಂಬ. ಬಲಕ್ಕೆ ನೋಡಿದರೂ ಎಡಕ್ಕೆ ನೋಡಿದರೂ ಬೆಕ್ಕು ಬೆಕ್ಕೇ ಎಂದು ಗುರುತಿಸುವುದು ಮಿದುಳಿನ ಹುಟ್ಟುಗುಣ, ಓದು ಕಲಿಯುವಾಗ ಅದನ್ನು ಮರೆಯಬೇಕಾಗುತ್ತದೆ ಎಂದು ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡಿಹೇನ್ ವಿವರಿಸುತ್ತಾರೆ. ಕನ್ನಡದಲ್ಲಿ ಅಂಥ ಕನ್ನಡಿ ಜೋಡಿಗಳ ಕಾಟವಿಲ್ಲ. ನಮ್ಮ ಕಾಟ ಚೂರುಪಾರು ಗುರುತುಗಳದ್ದು. ‘ರ’ ಒಳಗೆ ಒಂದು ಚುಕ್ಕಿ ಬಿದ್ದರೆ ‘ಠ’. ‘ದ’ ಕೆಳಗೆ ಸೀಳಿದರೆ ‘ಧ’, ಅದರೊಳಗೆ ಚುಕ್ಕಿ ಇಟ್ಟರೆ ‘ಥ’. ‘ಪ’ ಬುಡದಲ್ಲಿ ಸೀಳಿದರೆ ‘ಫ’, ಹೊಟ್ಟೆಯಲ್ಲೇ ಸೀಳಿದರೆ ‘ಷ’. ಹೊಟ್ಟೆ ಸೀಳಿದ ‘ಷ’ ಎಂದು ಶಾಲೆಗಳಲ್ಲಿ ಹೇಳಿಕೊಡುವುದು ಅದಕ್ಕೇ. ಕೈ ಎಷ್ಟೇ ಪಳಗಿದ್ದರೂ ಈ ಚೂರುಗಳನ್ನು ಗಮನಿಸುವ ಕಣ್ಣು ಇಲ್ಲದಿದ್ದರೆ ಪ್ರಯೋಜನವಿಲ್ಲ.

ಈ ರಾಶಿಯನ್ನು ಅ, ಆ, ಇ, ಈ ಎಂಬ ಕ್ರಮದಲ್ಲೇ ಕಲಿಸಬೇಕೆಂದು ಯಾರೂ ಶಾಸನ ಬರೆದಿಲ್ಲ. ಆ ಕ್ರಮ ಉಚ್ಚಾರಣೆಯ ಪ್ರಕಾರ ಅದ್ಭುತವಾದದ್ದು, ಆದರೆ ಬರೆಯುವ ಕೈಗೆ ಅದು ಅನುಕೂಲವಾಗಿಲ್ಲ. ‘ಇ’, ‘ಈ’, ‘ಋ’ ಮೊದಲ ವಾರವೇ ಬಂದು ಕೂರುತ್ತವೆ, ಸುಲಭದ ‘ರ’ ಎಲ್ಲೋ ಕೊನೆಯಲ್ಲಿರುತ್ತದೆ. ರಿಷಿವ್ಯಾಲಿಯ ಶಾಲೆಗಳಿಂದ ಪ್ರೇರಣೆ ಪಡೆದು, 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಈ ಕ್ರಮವನ್ನು ಬಿಟ್ಟಿತು. ಅಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಮುಂದಿನದು ಜ, ವ, ಮ, ಬ, ನ. ಬರೆಯಲು ಸುಲಭ, ಆಕಾರದಲ್ಲಿ ಸಂಬಂಧಿಕರು, ಸೇರಿಸಿದರೆ ಕೂಡಲೇ ಸರ, ಗರಗಸ, ಅರಸ, ದಸರ ಎಂಬ ಪದಗಳು ಸಿಗುತ್ತವೆ. ಮಗು ಐದೇ ಅಕ್ಷರಕ್ಕೆ ಓದುಗನಾಗುತ್ತದೆ. ‘ವರ್ಣಮಾಲೆಯನ್ನೇ ಕೆಡಿಸಿಬಿಟ್ಟರು’ ಎಂದು ಗೊಣಗುವ ಅಜ್ಜಂದಿರು ಈಗಲೂ ಇದ್ದಾರೆ. ವರ್ಣಮಾಲೆ ಎಲ್ಲಿಗೂ ಹೋಗಿಲ್ಲ, ಅದರ ಸರದಿ ಕೊಂಚ ತಡವಾಗಿ ಬರುತ್ತದೆ.

ಕಲಿತದ್ದನ್ನು ಮತ್ತೆ ಮೆಲುಕು ಹಾಕಿಸುವುದು ಹೇಗೆ? ಇಲ್ಲಿ ಬಹಳ ಶಾಲೆಗಳು ಎಡವುತ್ತವೆ. ಸೋಮವಾರ ಒಂದು ಪುಟ ‘ಕ’, ಮಂಗಳವಾರ ಒಂದು ಪುಟ ‘ಖ’, ಬುಧವಾರ ‘ಗ’. ‘ಕ’ ಮತ್ತೆ ಬರುವುದು ಪರೀಕ್ಷೆಗೆ. ಕಲಿತದ್ದು ಎಷ್ಟು ಬೇಗ ಸೋರಿಹೋಗುತ್ತದೆ, ಬಿಡುವು ಕೊಟ್ಟು ಪುನಃ ಕಲಿತರೆ ಹೇಗೆ ಉಳಿಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಕೈಚಲನೆಗಳ ಕಲಿಕೆಯಲ್ಲಿ 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಇನ್ನೊಂದು ವಿಚಿತ್ರ ಕಂಡರು. ಒಂದೇ ಚಲನೆಯನ್ನು ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿದ್ದರು. ಕಲಸುಮೇಲೋಗರವಾಗಿ ಅಭ್ಯಾಸ ಮಾಡಿದವರು ಆಗ ಹಿಂದಿದ್ದರೂ ಆಮೇಲಿನ ಪರೀಕ್ಷೆಯಲ್ಲಿ ಮುಂದೆ ಬಂದರು. ಕೆನಡಾದ ಡಯೇನ್ ಸ್ಟೆ-ಮರಿ ಮತ್ತು ಸಂಗಡಿಗರು 2004ರಲ್ಲಿ ಇದನ್ನೇ ಎಳೆಯ ಮಕ್ಕಳ ಕೈಬರಹದಲ್ಲಿ ಪರೀಕ್ಷಿಸಿದರು. ಅಕ್ಷರಗಳನ್ನು ಬೆರೆಸಿ ಬರೆದ ಮಕ್ಕಳಿಗೇ ಕೊನೆಗೆ ಮೇಲುಗೈ.

ಕಾರಣ ಊಹಿಸುವುದು ಕಷ್ಟವಲ್ಲ. ‘ಕ, ಕ, ಕ, ಕ’ ಎಂದು ಬರೆಯುವಾಗ ಎರಡನೆಯ ‘ಕ’ದಿಂದ ಮಿದುಳಿಗೆ ಕೆಲಸವಿಲ್ಲ. ‘ಕ, ಮ, ಗ, ಮ, ಕ’ ಎಂದರೆ ಪ್ರತಿ ಸಲವೂ ರೂಪವನ್ನು ನೆನಪಿನ ಆಳದಿಂದ ಎತ್ತಿಕೊಂಡು ಬರಬೇಕು. ಹಾಗಾಗಿ ಹೊಸ ಅಕ್ಷರ ಪರಿಚಯವಾದ ದಿನ ಅದೊಂದನ್ನೇ ನಾಲ್ಕಾರು ಸಲ ಬರೆಯಲಿ. ಮರುದಿನದಿಂದ ಅದರ ಜೊತೆಗೆ ಈ ವಾರದ್ದೊಂದು, ಕಳೆದ ತಿಂಗಳಿನದ್ದೊಂದು ಸೇರಲಿ. ಶಿಕ್ಷಕಿ ಹಲಗೆಯಲ್ಲಿ ಬರೆದು ತೋರಿಸದೆ ಬಾಯಲ್ಲಿ ಹೇಳಲಿ, ಮಗು ನೆನಪಿನಿಂದ ಬರೆಯಲಿ. ವಾರಕ್ಕೊಮ್ಮೆ ಮಾತ್ರ ಕನ್ನಡ ತರಗತಿ ಸಿಗುವ ಹೊರನಾಡಿನ ಮಕ್ಕಳಿಗಂತೂ ಹೊಸ ಅಕ್ಷರಕ್ಕಿಂತ ಹಳೆಯದರ ಮೆಲುಕಿಗೇ ಹೆಚ್ಚು ಹೊತ್ತು ಬೇಕು.

ಈಗ ಕಣ್ಣಿನ ಪಾಠಕ್ಕೆ ಬರೋಣ. ಅಮೆರಿಕದ ಸ್ಟೀವ್ ಗ್ರಹಾಂ, ಕರೆನ್ ಹ್ಯಾರಿಸ್ ಮತ್ತು ಬಾರ್ಬರಾ ಫಿಂಕ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. ಬರೆಯಲು ಕಷ್ಟಪಡುತ್ತಿದ್ದ ಒಂದನೇ ತರಗತಿಯ ಮಕ್ಕಳಿಗೆ ತಲಾ ಹದಿನೈದು ನಿಮಿಷದ 27 ಪಾಠ ಕೊಟ್ಟರು. ಆಕಾರದಲ್ಲಿ ಹೋಲುವ ಅಕ್ಷರಗಳನ್ನು ಒಂದೊಂದು ಗುಂಪು ಮಾಡಿ, ಅವುಗಳಲ್ಲಿ ಯಾವುದು ಒಂದೇ ಥರ, ಯಾವುದು ಬೇರೆ ಎಂದು ಮೊದಲು ಮಾತಾಡಿಸುತ್ತಿದ್ದರು. ಆಮೇಲೆ ಕೆಲವೇ ಸಲ ತಿದ್ದುವುದು, ನೋಡಿ ಬರೆಯುವುದು. ಪ್ರತಿ ಸಾಲು ಮುಗಿದ ಮೇಲೆ ಮಗುವಿಗೊಂದು ಕೆಲಸ: ತಾನು ಬರೆದವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದಕ್ಕೆ ವೃತ್ತ ಹಾಕಬೇಕು. ಇನ್ನೊಂದು ಚಟುವಟಿಕೆಯಲ್ಲಿ ಮೂರು ನಿಮಿಷ ಒಂದು ವಾಕ್ಯ ನಕಲು ಮಾಡಿ, ಎಷ್ಟು ಅಕ್ಷರವಾಯಿತು ಎಂದು ತಾನೇ ಪಟ್ಟಿಯಲ್ಲಿ ಗುರುತು ಹಾಕಿ, ಮುಂದಿನ ಸಲ ಅದನ್ನು ದಾಟಲು ನೋಡಬೇಕು. ಪೈಪೋಟಿ ಪಕ್ಕದವನ ಜೊತೆಗಲ್ಲ, ನಿನ್ನೆಯ ತನ್ನ ಜೊತೆಗೇ. ಈ ಮಕ್ಕಳ ಅಕ್ಷರ ಸುಧಾರಿಸಿತು. ಜೊತೆಗೆ, ಸ್ವಂತವಾಗಿ ವಾಕ್ಯ ಕಟ್ಟಿ ಬರೆಯುವುದೂ ಸರಾಗವಾಯಿತು, ಆರು ತಿಂಗಳ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು. ‘ಮ’ ಹೇಗೆ ಬರೆಯಬೇಕು ಎಂಬ ಚಿಂತೆ ತಲೆಯಿಂದ ಇಳಿದರೆ, ಏನು ಬರೆಯಬೇಕು ಎಂಬ ಯೋಚನೆಗೆ ಅಷ್ಟು ಜಾಗ ಸಿಗುತ್ತದೆ.

ಸ್ವಂತ ಮೌಲ್ಯಮಾಪನ ಅಂದಕೂಡಲೇ ಹಲವರಿಗೆ ನಗು ಬರುತ್ತದೆ. ಆರು ವರ್ಷದ ಮಗುವಿಗೆ ತನ್ನದೆಲ್ಲ ಚೆಂದವೇ ಅಲ್ಲವೇ? ಹೌದು. ‘ನಿನ್ನ ಅಕ್ಷರ ಚೆನ್ನಾಗಿದೆಯಾ?’ ಎಂದು ಕೇಳಿದರೆ ‘ಹೂಂ’ ಅನ್ನುತ್ತದೆ. ಆ ವಯಸ್ಸಿನವರು ತಮ್ಮ ಸಾಮರ್ಥ್ಯವನ್ನು ಹೆಚ್ಚಾಗಿಯೇ ಅಂದಾಜು ಮಾಡುತ್ತಾರೆ, ಅದು ಒಳ್ಳೆಯದೂ ಹೌದು, ಇಲ್ಲದಿದ್ದರೆ ಅಷ್ಟು ಸಲ ಬಿದ್ದು ಏಳುವ ಧೈರ್ಯ ಎಲ್ಲಿಂದ ಬರಬೇಕು? ಪ್ರಶ್ನೆಯನ್ನು ಬದಲಿಸಬೇಕು. ಒಂದಕ್ಕೆ ಇಷ್ಟು ಅಂಕ ಎಂದು ನಿರ್ಧರಿಸುವುದಕ್ಕಿಂತ ಎರಡರಲ್ಲಿ ಯಾವುದು ಮೇಲು ಎಂದು ಹೇಳುವುದು ಎಲ್ಲರಿಗೂ ಸುಲಭ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1910ರಲ್ಲಿ ಕೈಬರಹಕ್ಕೆ ಮೊತ್ತಮೊದಲ ಅಳತೆಪಟ್ಟಿ ಮಾಡಿದ್ದು ಹೀಗೆಯೇ. ಕೆಟ್ಟದರಿಂದ ಒಳ್ಳೆಯದರವರೆಗೆ ಮಾದರಿಗಳನ್ನು ಸಾಲಾಗಿ ಜೋಡಿಸಿ, ಮಗುವಿನ ಬರಹ ಯಾವುದಕ್ಕೆ ಹತ್ತಿರ ಎಂದು ಪಕ್ಕದಲ್ಲಿಟ್ಟು ನೋಡುವುದು. ಆದ್ದರಿಂದಲೇ ಅಳಿಸದ ಸಾಲು ಬೇಕು. ಹೋಲಿಸಲು ಸೊಟ್ಟವೂ ಇರಬೇಕು.

‘ಇದರಲ್ಲಿ ಚೆಂದದ್ದು ಯಾವುದು ಪುಟ್ಟಾ?’

‘ಇದು, ಮಿಸ್.’

‘ಯಾಕೆ?’

‘ಇದರ ತಲಕಟ್ಟು ಸರಿಯಾಗಿ ಕೂತಿದೆ. ಅದರದು ಹಾರಿಹೋಗಿದೆ.’

ಈ ‘ಯಾಕೆ’ ಬಹಳ ಮುಖ್ಯ. ವೃತ್ತ ಹಾಕಿಸಿ ಬಿಟ್ಟರೆ ಮಗು ಯಾವುದೋ ಒಂದಕ್ಕೆ ಹಾಕಿ ಪುಟ ಮಗುಚುತ್ತದೆ. ಕಾರಣ ಹೇಳಬೇಕಾದರೆ ನೋಡಲೇಬೇಕು. ಹೇಳಲು ಮಾತೂ ಬೇಕು, ಅದೃಷ್ಟಕ್ಕೆ ಕನ್ನಡದ ಕಾಗುಣಿತದಲ್ಲೇ ಆ ಮಾತುಗಳಿವೆ: ತಲಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ವಟ್ರಸುಳಿ, ಒತ್ತು. ‘ಕ’ಗೆ ಗುಡಿಸು ಕೊಟ್ಟರೆ ‘ಕಿ’ ಎಂದು ರಾಗವಾಗಿ ಹಾಡುವ ಮಕ್ಕಳಿಗೆ ಆ ಗುಡಿಸನ್ನೇ ಬೆರಳಿಟ್ಟು ತೋರಿಸು ಎಂದರೆ ಸಾಕು, ಪರಿಶೀಲನೆ ಶುರುವಾಗುತ್ತದೆ. ಒಂದು ದಿನಕ್ಕೆ ಒಂದೇ ಸಂಗತಿ ನೋಡಿಸಿ. ಇವತ್ತು ತಲಕಟ್ಟು. ನಾಳೆ ಅಕ್ಷರ ಗೆರೆಯ ಮೇಲೆ ಕೂತಿದೆಯೇ, ತೇಲುತ್ತಿದೆಯೇ. ಇನ್ನೊಂದು ದಿನ ಒತ್ತು ತನ್ನ ಯಜಮಾನನ ಅಡಿಯಲ್ಲಿದೆಯೇ, ಪಕ್ಕದ ಮನೆಗೆ ಹೋಗಿದೆಯೇ. ಎಲ್ಲವನ್ನೂ ಒಟ್ಟಿಗೆ ನೋಡು ಎಂದರೆ ಮಗು ಯಾವುದನ್ನೂ ನೋಡುವುದಿಲ್ಲ.

ಹಾಗಾದರೆ ಶಿಕ್ಷಕರ ಕೆಂಪು ಪೆನ್ನಿಗೆ ಕೆಲಸವಿಲ್ಲವೇ? ಇದೆ, ಆದರೆ ಕಡಿಮೆ. ಪ್ರತಿ ಪ್ರಯತ್ನದ ನಂತರವೂ ತಪ್ಪು-ಒಪ್ಪು ಹೇಳುತ್ತಿದ್ದರೆ ಕಲಿಯುವವನು ಆ ಮಾತಿಗೇ ಜೋತುಬೀಳುತ್ತಾನೆ ಎಂದು ಚಲನ ಕಲಿಕೆಯ ಸಂಶೋಧಕರು 1984ರಿಂದಲೂ ಎಚ್ಚರಿಸುತ್ತಿದ್ದಾರೆ. ಕ್ಯಾರೊಲಿ ವಿನ್‌ಸ್ಟೈನ್ ಮತ್ತು ರಿಚರ್ಡ್ ಶ್ಮಿಟ್ 1990ರಲ್ಲಿ ವಯಸ್ಕರಿಗೆ ತೋಳಿನ ಒಂದು ಚಲನೆ ಕಲಿಸಿ ನೋಡಿದಾಗ, ಪ್ರತಿ ಸಲವೂ ಫಲಿತಾಂಶ ತಿಳಿಸಿಕೊಂಡವರಿಗಿಂತ ಅರ್ಧದಷ್ಟು ಸಲ ಮಾತ್ರ ತಿಳಿಸಿಕೊಂಡವರು ಮರುದಿನದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಮೊದಲು ಮಗು ತನ್ನ ತೀರ್ಪು ಹೇಳಲಿ, ಶಿಕ್ಷಕಿ ಆಮೇಲೆ ತನ್ನದನ್ನು ಹೇಳಲಿ. ಇಬ್ಬರ ಆಯ್ಕೆ ಬೇರೆಯಾದ ದಿನವೇ ಒಳ್ಳೆಯ ಪಾಠ ನಡೆಯುವುದು. ನಲಿ-ಕಲಿಯ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವೇ ನೋಡಿಕೊಳ್ಳುವ ಏರ್ಪಾಟಿದೆ. ಅದೇ ಹಕ್ಕನ್ನು ಒಂದು ಅಕ್ಷರದ ಮಟ್ಟಕ್ಕೆ ಇಳಿಸಿದರಾಯಿತು.

ಮುತ್ತು ಪೋಣಿಸಿದಂಥ ಅಕ್ಷರ ಎಲ್ಲರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಓದುವವರಿಗೆ ತಿಳಿಯಬೇಕು, ಬರೆಯುವವರಿಗೆ ಆಯಾಸವಾಗಬಾರದು, ಇವೆರಡು ಸಾಕು. ಹತ್ತರಲ್ಲಿ ಒಬ್ಬರು ಎಡಗೈಯವರು. ಅವರ ಕೈ ಬದಲಿಸಲು ಹೋಗಬೇಡಿ, ಹಾಳೆಯನ್ನು ಕೊಂಚ ಓರೆಯಾಗಿಸಿ, ಬರೆದದ್ದು ಕೈಯಡಿ ಮುಚ್ಚಿಹೋಗದಂತೆ ಕೂರಿಸಿ. ಇಷ್ಟೆಲ್ಲ ಮಾಡಿಯೂ ಮೂರನೇ ತರಗತಿಯ ಹೊತ್ತಿಗೆ ಬರೆಯುವುದೆಂದರೆ ಅಳುವ, ಬಾಯಲ್ಲಿ ಸರಾಗ ಹೇಳಿದ್ದನ್ನು ಕಾಗದಕ್ಕೆ ಇಳಿಸಲಾರದ ಮಗು ಇದ್ದರೆ ಅದು ಸೋಮಾರಿತನವೆಂದು ತೀರ್ಮಾನಿಸದೆ ಮಕ್ಕಳ ವೈದ್ಯರಿಗೆ ತೋರಿಸಿ.

ಉಳಿದ ಮಕ್ಕಳ ತಂದೆ ತಾಯಿಯರಲ್ಲಿ ಒಂದು ಕೋರಿಕೆ. ಇವತ್ತು ಸಂಜೆ ಹತ್ತು ನಿಮಿಷಕ್ಕಿಂತ ಹೆಚ್ಚು ಬರೆಸಬೇಡಿ. ಮೂರು ಅಕ್ಷರ ಆರಿಸಿ, ಬೆರೆಸಿ ಹೇಳಿ, ನೋಡದೆ ಬರೆಸಿ. ರಬ್ಬರನ್ನು ಡಬ್ಬಿಯಲ್ಲೇ ಇಡಿ. ಕೊನೆಗೆ ಪೆನ್ಸಿಲನ್ನು ಮಗುವಿನ ಕೈಯಲ್ಲೇ ಬಿಟ್ಟು, ಚೆಂದದ್ದಕ್ಕೆ ಅದರಿಂದಲೇ ವೃತ್ತ ಹಾಕಿಸಿ, ಯಾಕೆಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.